ಮಳೆ ಪುಸ್ತಕದ ಹಿಂದಿನ ಪುಟಗಳು

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರು. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಗೊಬ್ಬರದ ಲೆಕ್ಕ ಎಲ್ಲ ನನ್ನದೇ. ಅದರ ಜೊತೆಗೆ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಮಾಪಕದಲ್ಲಿ ನಿಂತ ನೀರನ್ನು ಗಾಜಿನ ಜಾಡಿಗೆ ಸುರಿದು, ಇಂಚು ಸೆಂಟ್ ಲೆಕ್ಕದಲ್ಲಿ ಮಳೆ ಪುಸ್ತಕಕ್ಕೆ ಏರಿಸಬೇಕು. ನೂರು ಸೆಂಟಿಗೆ ಒಂದು ಇಂಚು. ಇಪ್ಪತ್ತೆರಡು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ.

ಈ ವರ್ಷ ಅದೇ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ಇನ್ನೊಂದು ಲೆಕ್ಕ ಬರೆದೆ. ದಿನಕ್ಕೆ ಎಷ್ಟು ಕುಡಿದೆ, ಕರುಳಿನಿಂದ ಬರುವುದನ್ನು ಹಿಡಿಯಲು ಹೊಟ್ಟೆಗೆ ಅಂಟಿಸಿದ ಬ್ಯಾಗಿಗೆ ಎಷ್ಟು ಬಂತು, ಯೂರಿನ್ ಎಷ್ಟು ಆಯಿತು. ಕರುಳಿನ ಆಪರೇಷನ್ ಮಾಡಿದವರು ಡಾಕ್ಟರು. ಅದರ ನಂತರ ನನ್ನನ್ನು ಕಾದದ್ದು ಈ ಲೆಕ್ಕ. ಹೀಗೆ ಬ್ಯಾಗ್ ಹಾಕಿಸಿಕೊಂಡು ಮನೆಗೆ ಬಂದವರು, ಅವರನ್ನು ನೋಡಿಕೊಳ್ಳುವವರು ಯಾರಾದರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ನೋವು ಶುರುವಾಗಿದ್ದು 2024ರ ಏಪ್ರಿಲ್‌ನಲ್ಲಿ. ಊಟ ಆಗಿ ಒಂದು ಗಂಟೆಗೆ ಹೊಕ್ಕುಳ ಸುತ್ತ ಹಿಂಡಿದ ಹಾಗೆ. ಹೊಟ್ಟೆಯ ಬಲಗಡೆ ಕೆಳಗೆ ಏನೋ ಉಂಡೆ ಎದ್ದು, ಗುಡುಗುಡು ಸದ್ದಾಗಿ, ಇಳಿದು ಹೋಗುತ್ತಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಮಾತ್ರೆ ಮುಗಿದಾಗ ಮತ್ತೆ ಅದೇ ಮಾತ್ರೆ. ಎಂಟು ತಿಂಗಳಲ್ಲಿ 61 ಕೆಜಿ ಇದ್ದವನು 46ಕ್ಕೆ ಇಳಿದೆ. ಹಣ್ಣು ತೂಗುವ ಮನುಷ್ಯ ನಾನು, ನನ್ನ ತೂಕ ಇಷ್ಟು ಇಳಿದದ್ದನ್ನು ಯಾರಿಗೂ ಗಟ್ಟಿಯಾಗಿ ಹೇಳಲಿಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ಊಟ ಆದ ಮೇಲೆ ಹಿಂಡುವ ನೋವು ಮೂರೂ ಸೇರಿ ಬಂದರೆ ದಯವಿಟ್ಟು ಸ್ಕ್ಯಾನಿಂಗ್ ಮಾಡಿಸಿ. ಇದನ್ನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಎರಡು ದಿನ ಮೋಷನ್ ಇಲ್ಲ, ಗಾಳಿಯೂ ಇಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ರಾತ್ರಿ ಹಸಿರು ವಾಂತಿ ಶುರುವಾದಾಗ ಸಾಹುಕಾರರು ತಮ್ಮ ಜೀಪಿನಲ್ಲೇ ಹಾಸನಕ್ಕೆ ಕಳಿಸಿದರು. ನಲವತ್ತು ಕಿಲೋಮೀಟರ್ ದಾರಿಯಲ್ಲಿ ಆಲೂರು ದಾಟಿದ್ದು ಮಾತ್ರ ನೆನಪಿದೆ.

ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ಪೂರ್ತಿ ಕಟ್ಟಿಕೊಂಡಿತ್ತು. ಅದಕ್ಕಿಂತ ಮೇಲೆಯೂ ಎರಡು ಕಡೆ ಕರುಳು ಕಿರಿದಾಗಿತ್ತು. ಎರಡು ಅಡಿಗೂ ಜಾಸ್ತಿ ಕರುಳು ತೆಗೆದು ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಮೂಗಿನಲ್ಲಿ ಪೈಪು, ಹೊಟ್ಟೆಯ ಪಕ್ಕ, ಒಳಗೆ ನಿಂತ ನೀರನ್ನು ಬಾಟಲಿಗೆ ಇಳಿಸುವ ಡ್ರೈನ್ ಪೈಪು. ಬೆಳಿಗ್ಗೆ ರೌಂಡ್ಸಿಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಗಾಳಿ ಹೋಯ್ತಾ?" ಆಪರೇಷನ್ ಆದ ಮೇಲೆ ಕರುಳು ಸ್ವಲ್ಪ ದಿನ ಅಲ್ಲಾಡದೆ ಮಲಗಿಬಿಡುತ್ತದೆ. ಗಾಳಿ ಹೋದರೆ ಅದು ಎದ್ದಿದೆ ಅಂತ ಅರ್ಥ. ಪಕ್ಕದ ಮಂಚದವರಿಗೆ ಮೂರನೇ ದಿನ ಹೋಯಿತು. ನನಗೆ ಹೋಗಲೇ ಇಲ್ಲ.

ನಾಲ್ಕನೇ ದಿನ ಬಿಕ್ಕಳಿಕೆ ಹಿಡಿಯಿತು, ಬಿಡಲೇ ಇಲ್ಲ. ಐದನೇ ದಿನ ಎದೆ ಬಡಿತ ನೂರ ಇಪ್ಪತ್ತಕ್ಕೆ ಏರಿತು. ಜ್ವರ ಇನ್ನೂ ಬಂದಿರಲಿಲ್ಲ. ನನಗೂ ಅಂಥ ನೋವೇನೂ ಅನ್ನಿಸುತ್ತಿರಲಿಲ್ಲ, ಸುಮ್ನೆ ಒಂದು ಥರ ಗಾಬರಿ. ರಾತ್ರಿ ಪಾಳಿಯ ಸಿಸ್ಟರ್ ಡ್ರೈನ್ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅಲ್ಲಿಯವರೆಗೆ ತೆಳು ಗುಲಾಬಿ ಬಣ್ಣ ಇದ್ದದ್ದು ಹಸಿರು ಕಂದು ಆಗಿತ್ತು. ಅವರು ಏನೂ ಹೇಳದೆ ಬೇಗ ಬೇಗ ಹೋದರು. ಹತ್ತು ನಿಮಿಷಕ್ಕೆ ಡಾಕ್ಟರು ಬಂದರು. ಆ ಸಿಸ್ಟರ್ ಬಾಟಲಿಯನ್ನು ಎತ್ತಿ ನೋಡದೇ ಇದ್ದಿದ್ದರೆ ಇನ್ನೊಂದು ದಿನ ಹೋಗುತ್ತಿತ್ತು. ಒಳಗೆ ನಂಜು ಏರುತ್ತಿರುವಾಗ ಒಂದು ದಿನ ಅಂದರೆ ಬಹಳ.

ನನ್ನ ಹೆಂಡತಿಗೆ ಡಾಕ್ಟರು ಹೇಳಿದ್ದು ಇಷ್ಟು: "ಹೊಲಿಗೆ ಹಾಕಿದ ಜಾಗ ಸೋರ್ತಾ ಇದೆಯಮ್ಮ. ನಂಜಿರುವ ಜಾಗದಲ್ಲಿ ಮತ್ತೆ ಹೊಲಿದರೆ ನಿಲ್ಲಲ್ಲ. ಹೊಟ್ಟೆ ತೊಳೆದು, ಕರುಳಿನ ತುದಿ ಹೊರಗೆ ತಂದು ಬ್ಯಾಗ್ ಹಾಕ್ತೀವಿ. ಮುಂದೆ ಮತ್ತೆ ಸೇರಿಸಬಹುದು." ತೂಕ ತುಂಬಾ ಇಳಿದು, ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಕಡಿಮೆಯಾದವರಿಗೆ ಕರುಳಿನ ಹೊಲಿಗೆ ಕೂಡುವುದು ಕಷ್ಟವಂತೆ. ಎಂಟು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದರ ಬೆಲೆ ಇಲ್ಲಿ ಕಟ್ಟಿದೆ.

ಐಸಿಯುನಲ್ಲಿ ಒಂಬತ್ತು ದಿನ ಇದ್ದೆ. ಅದರ ಬಗ್ಗೆ ಬರೆಯಲು ನನ್ನ ಹತ್ತಿರ ಜಾಸ್ತಿ ಇಲ್ಲ. ಎಚ್ಚರ ಇದ್ದಾಗ ಹಾಲಿನ ಬಣ್ಣದ ದೊಡ್ಡ ಚೀಲವೊಂದು ತಲೆ ಮೇಲೆ ತೂಗುತ್ತಿತ್ತು, ಅದೇ ಊಟ, ನರದ ಮೂಲಕ. ವಾರ್ಡಿಗೆ ಬಂದ ಮೇಲೆ ಹೊಟ್ಟೆಯ ಗಾಯದಲ್ಲಿ ಕೀವಾಯಿತು. ನಾಲ್ಕು ಹೊಲಿಗೆ ಬಿಚ್ಚಿ, ಗಾಯ ತೆರೆದೇ ಬಿಟ್ಟು, ದಿನಾ ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆ ತುರುಕಿ ಕಟ್ಟುತ್ತಿದ್ದರು. ಅಂಥ ಗಾಯ ಮೇಲಿಂದ ಮುಚ್ಚಬಾರದು, ತಳದಿಂದ ತುಂಬಿಕೊಂಡು ಬರಬೇಕು. ತುಂಬಲು ಏಳು ವಾರ ಹಿಡಿಯಿತು.

ಬ್ಯಾಗನ್ನು ಮೊದಲ ಸಲ ನೋಡಿದಾಗ ಮುಖ ತಿರುಗಿಸಿದೆ. ಹೊಟ್ಟೆಯ ಬಲಗಡೆ ಕೆಂಪಗೆ, ಒದ್ದೆಯಾಗಿ, ಹೂವಿನ ಮೊಗ್ಗಿನಷ್ಟು ಎದ್ದು ನಿಂತ ನನ್ನದೇ ಕರುಳು. ಅದಕ್ಕೆ ನೋವು ಗೊತ್ತಾಗುವುದಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ತಡೆದು ಹಿಡಿಯಲೂ ಆಗುವುದಿಲ್ಲ. ಅದಕ್ಕೆ ಬಂದಾಗ ಬರುತ್ತದೆ. ಹೆಂಡತಿ ಮಾತ್ರ ಮೊದಲ ದಿನದಿಂದಲೇ ಅದನ್ನು ನೋಡಿದಳು. "ಇದರಿಂದಾನೇ ಅಲ್ವಾ ನೀವು ಉಳಿದಿರೋದು, ಇದಕ್ಕೆ ಯಾಕ್ರೀ ಅಸಹ್ಯ ಪಡ್ತೀರ" ಅಂದಳು.

ತೆಗೆದ ಕರುಳಿನ ತುಂಡಿನ ರಿಪೋರ್ಟ್ ಅಷ್ಟರಲ್ಲಿ ಬಂತು. ಕರುಳಿನ ಟಿಬಿ. ಎದೆಯ ಎಕ್ಸ್‌ರೇ ಚೆನ್ನಾಗಿತ್ತು, ಕಫದಲ್ಲೂ ಏನೂ ಇರಲಿಲ್ಲ. ಹಾಗಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ ಅಂತ ಡಾಕ್ಟರು ಹೇಳಿದರು. ಆದರೂ ಆಳುಗಳ ಲೈನ್ ಮನೆಗಳ ಕಡೆ ಸುದ್ದಿ ಬೇರೆಯೇ ಆಗಿತ್ತು. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ, ಕೆಮ್ಮಿದರೆ ಹರಡುವುದು ಶ್ವಾಸಕೋಶದ ಟಿಬಿ, ರೈಟ್ರಿಗೆ ಬಂದಿರುವುದು ಕರುಳಿನದು ಅಂತ ತಿಳಿಸಿ ಹೇಳಿದರು. ಆ ಉಪಕಾರ ದೊಡ್ಡದು. ಮಾತ್ರೆ ಸರ್ಕಾರದಿಂದಲೇ ಉಚಿತ. ತೂಕ ನೋಡಿ ದಿನಕ್ಕೆ ಮೂರು ಮಾತ್ರೆ, ಎರಡು ತಿಂಗಳು ನಾಲ್ಕು ಔಷಧ ಸೇರಿದ್ದು, ಆಮೇಲೆ ನಾಲ್ಕು ತಿಂಗಳು ಮೂರು ಔಷಧ ಸೇರಿದ್ದು. ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 500 ಇತ್ತು. ಮಾತ್ರೆ ಶುರುವಾದ ದಿನ ಬ್ಯಾಗಿನಲ್ಲಿ ಕಿತ್ತಳೆ ಕೆಂಪು ಬಣ್ಣ ಕಂಡು ರಕ್ತ ಅಂದುಕೊಂಡು ಇಬ್ಬರೂ ನಡುಗಿದೆವು. ಯೂರಿನ್ ಕೂಡ ಅದೇ ಬಣ್ಣ. ಅದು ರಿಫಾಂಪಿಸಿನ್ ಔಷಧದ ಬಣ್ಣ ಅಷ್ಟೇ. ಮೊದಲೇ ಒಂದು ಮಾತು ಹೇಳಿದ್ದರೆ ಆ ರಾತ್ರಿ ನಿದ್ದೆ ಮಾಡಬಹುದಿತ್ತು.

ಜನವರಿ ಮಧ್ಯದಲ್ಲಿ ಡಿಸ್ಚಾರ್ಜ್ ಆಯಿತು. ಬ್ಯಾಗ್ ಬದಲಿಸುವುದನ್ನು ಒಂದೇ ಸಲ, ಅವಸರದಲ್ಲಿ ತೋರಿಸಿ ಕಳಿಸಿದರು. ಇದೊಂದು ನನಗೆ ಇನ್ನೂ ಬೇಸರ. ಮೊದಲ ತಿಂಗಳು ಪಟ್ಟ ಪಾಡಿನಲ್ಲಿ ಅರ್ಧ ಇದರಿಂದಲೇ ಬಂತು.

ಸಣ್ಣ ಕರುಳಿನಿಂದ ಬರುವುದು ಬರೀ ಮಲ ಅಲ್ಲ. ಅದರಲ್ಲಿ ಊಟ ಕರಗಿಸುವ ರಸ ಇರುತ್ತದೆ. ಚರ್ಮಕ್ಕೆ ತಾಗಿದರೆ ಚರ್ಮವನ್ನೂ ಕರಗಿಸಲು ನೋಡುತ್ತದೆ. ಬ್ಯಾಗಿನ ಹಿಂದೆ ಚರ್ಮಕ್ಕೆ ಅಂಟುವ ತಟ್ಟೆಯಲ್ಲಿ ತೂತನ್ನು ನಾವೇ ಕತ್ತರಿಸಬೇಕು. ಆಸ್ಪತ್ರೆಯಲ್ಲಿ ಕತ್ತರಿಸಿದ ಅಳತೆಯನ್ನೇ ಮನೆಯಲ್ಲೂ ಇಟ್ಟುಕೊಂಡೆವು. ಆದರೆ ಮೊದಲ ಆರೆಂಟು ವಾರದಲ್ಲಿ ಹೊರಗಿನ ಕರುಳಿನ ಊತ ಇಳಿದು ಅದು ಚಿಕ್ಕದಾಗುತ್ತಾ ಹೋಗುತ್ತದೆ. ತೂತು ದೊಡ್ಡದಾಗಿ ಉಳಿದು ಸುತ್ತಲಿನ ಚರ್ಮ ಬೆಂದ ಹಾಗೆ ಕೆಂಪಾಗಿ, ಸಿಪ್ಪೆ ಎದ್ದು, ರಸ ಒಸರತೊಡಗಿತು. ಹೆಂಡತಿ ಅಕ್ಕರೆಯಿಂದ ಕೊಬ್ಬರಿ ಎಣ್ಣೆ ಸವರಿದಳು. ಎಣ್ಣೆ ಇರುವ ಚರ್ಮಕ್ಕೆ ಬ್ಯಾಗ್ ಅಂಟಲಿಲ್ಲ. ರಾತ್ರಿ ಎರಡು ಗಂಟೆಗೆ ಹಾಸಿಗೆ ಎಲ್ಲ ಒದ್ದೆ. ಇಬ್ಬರೂ ಕೂತು ಅತ್ತೆವು.

ಹಾಸನಕ್ಕೆ ಹೋಗಿ ಸ್ಟೋಮಾ, ಅಂದರೆ ಹೀಗೆ ಹೊರಗೆ ತಂದ ಕರುಳಿನ ಬಾಯಿ, ನೋಡಿಕೊಳ್ಳುವ ಸಿಸ್ಟರ್ ಹತ್ತಿರ ಒಂದು ಗಂಟೆ ಕೂತು ಕಲಿತ ಮೇಲೆ ಸರಿಹೋಯಿತು. ವಾರಕ್ಕೊಮ್ಮೆ ಅಳತೆ ಪಟ್ಟಿ ಇಟ್ಟು ನೋಡಿ, ಕರುಳಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತು ಕತ್ತರಿಸುವುದು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ ಚೆನ್ನಾಗಿ ಒಣಗಿಸುವುದು. ಹಸಿಯಾದ ಜಾಗಕ್ಕೆ ಸ್ಟೋಮಾ ಪುಡಿ ಉದುರಿಸಿ, ಜಾಸ್ತಿಯಾದದ್ದನ್ನು ಕೊಡವಿಬಿಡುವುದು. ತಟ್ಟೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಂಟಿಸುವುದು. ಬದಲಿಸುವುದು ಬೆಳಗಿನ ಜಾವ, ಕಾಫಿಗೂ ಮುಂಚೆ, ಆಗ ಬರುವುದು ಕಡಿಮೆ. ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಬೇಕು, ಭಾರವಾದರೆ ಕಿತ್ತುಬರುತ್ತದೆ. ಎರಡು ವಾರದಲ್ಲಿ ಚರ್ಮ ಮಾಗಿತು.

ಆಮೇಲೆ ಬಂದದ್ದು ನಿಜವಾದ ಗಂಡಾಂತರ, ಮಾರ್ಚ್‌ನಲ್ಲಿ.

ಆಗ ತೋಟಕ್ಕೆ ಹೂ ಮಳೆ ಬಂದಿತ್ತು. ಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ, ಊರೆಲ್ಲ ಮಲ್ಲಿಗೆಯ ಥರ ಘಮ. ನಾನು ಜಗುಲಿಯಲ್ಲಿ ಮಲಗಿದ್ದೆ. ಬಿಸಿಲು ಜೋರಿತ್ತು, ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ. ನೀರು ಚೆನ್ನಾಗಿ ಕುಡಿಯಿರಿ ಅಂತ ಎಲ್ಲರೂ ಹೇಳುವುದೇ. ಕಾಯಿಸಿ ಆರಿಸಿದ ನೀರು ಮೂರು ಲೀಟರ್, ಎಳನೀರು ಎರಡು ಮೂರು, ನೀರು ಮಜ್ಜಿಗೆ. ಕುಡಿದಷ್ಟೂ ಬ್ಯಾಗ್ ತುಂಬಿತು. ಬ್ಯಾಗ್ ತುಂಬಿದಷ್ಟೂ ಬಾಯಾರಿಕೆ. ಮೂರನೇ ದಿನ ರಾತ್ರಿ ಮೀನಖಂಡ ಹಿಡಿದುಕೊಂಡು ಕಿರುಚಿದೆ. ಬೆಳಿಗ್ಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು. ಹಿಂದಿನ ದಿನ ಮಧ್ಯಾಹ್ನದಿಂದ ಯೂರಿನ್ ಹೋಗಿರಲಿಲ್ಲ. ಮಗಳ ಹೆಸರು ಕರೆಯಲು ಹೋಗಿ ತಂಗಿಯ ಹೆಸರು ಕರೆದೆನಂತೆ.

ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ, ಅಂದರೆ ಉಪ್ಪಿನ ಅಂಶ, 119 ಇತ್ತು. ಕನಿಷ್ಠ 135 ಇರಬೇಕು. ಕ್ರಿಯಾಟಿನಿನ್ 2.6, ಅಂದರೆ ಕಿಡ್ನಿ ಸೊರಗಿತ್ತು. ನಾಲ್ಕು ದಿನ ಸಲೈನ್ ಹಾಕಿದರು. ಸೋಡಿಯಂ ಒಂದೇ ದಿನಕ್ಕೆ ಜಾಸ್ತಿ ಏರಿಸಬಾರದು, ಮೆದುಳಿಗೆ ಪೆಟ್ಟು ಬೀಳುತ್ತದೆ ಅಂತ ನಿಧಾನವಾಗಿ ಹಾಕಿದರು.

"ನೀರು ಕುಡಿದೇ ಕುಡಿದಿದ್ದೀನಲ್ಲ ಸಿಸ್ಟರ್, ಮತ್ತೆ ಹೆಂಗೆ ಒಣಗಿದೆ?" ಅಂತ ಕೇಳಿದೆ. ಹೆತ್ತೂರು ಕಡೆಯ ಒಬ್ಬ ಹಿರಿಯ ಸಿಸ್ಟರ್ ಅವರು.

"ಅಣ್ಣಾ, ಮಿಡಿ ಮಾವಿಗೆ ಉಪ್ಪು ಹಾಕಿಟ್ಟರೆ ಏನಾಗುತ್ತೆ?"

"ನೀರು ಬಿಡುತ್ತೆ."

"ಉಪ್ಪಿದ್ದ ಕಡೆಗೆ ನೀರು ಹೋಗುತ್ತೆ ಅಲ್ವಾ. ಉಪ್ಪು ಬಿಟ್ಟು ನೀರು ನಿಲ್ಲಲ್ಲ. ನೀವು ಬರೀ ನೀರು ಕುಡಿದಾಗ ನಿಮ್ಮ ಕರುಳು ರಕ್ತದಲ್ಲಿರೋ ಉಪ್ಪನ್ನ ಎಳೆದು ಆ ನೀರಿಗೆ ಹಾಕುತ್ತೆ. ಅದನ್ನ ವಾಪಸ್ ಹೀರಬೇಕಾಗಿದ್ದ ದೊಡ್ಡ ಕರುಳು ಈಗ ಸುಮ್ನೆ ಕೂತಿದೆ. ನೀರೂ ಹೋಯ್ತು, ಉಪ್ಪೂ ಹೋಯ್ತು."

ವರ್ಷಾ ವರ್ಷಾ ಮನೆಯಲ್ಲಿ ಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡಿದ್ದೇನೆ. ಅವರು ಹಾಗೆ ಹೇಳಿದ ಕ್ಷಣ ಎಲ್ಲ ಬೆಳಕಾಯಿತು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ನಮಗೆ ಬೇಕಾದ ಸೋಡಿಯಂ ಕಡಿಮೆ. ಅಂಗಡಿಯ ಸಿಹಿ ಜ್ಯೂಸ್ ಇನ್ನೂ ಕೆಟ್ಟದ್ದು, ಸಕ್ಕರೆ ಜಾಸ್ತಿಯಾದರೆ ಅದೂ ಕರುಳಿಗೆ ನೀರು ಎಳೆಯುತ್ತದೆ. ಗ್ಲೂಕೋಸ್ ಹದವಾಗಿದ್ದು ಜೊತೆಗೆ ಉಪ್ಪು ಇದ್ದರೆ ಮಾತ್ರ ಎರಡೂ ಕೈಕೈ ಹಿಡಿದು ರಕ್ತಕ್ಕೆ ಸೇರುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆ.

ಡಾಕ್ಟರು ಬರೆದುಕೊಟ್ಟ ಅಳತೆ: ಒಂದು ಲೀಟರ್ ನೀರಿಗೆ ಗ್ಲೂಕೋಸ್ ಪುಡಿ 20 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಮಾಮೂಲಿ ಓಆರ್‌ಎಸ್ ಪೊಟ್ಟಣಕ್ಕಿಂತ ಇದರಲ್ಲಿ ಉಪ್ಪು ಜಾಸ್ತಿ. ಇದು ನನ್ನಂಥ ಹೊಟ್ಟೆಗೆ ಬರೆದದ್ದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳದೆ ಕುಡಿಯಬಾರದು. ಪೇಟೆಯಿಂದ ಗ್ರಾಂ ತೂಗುವ ಚಿಕ್ಕ ತಕ್ಕಡಿ ತರಿಸಿದೆ. ದಿನಕ್ಕೆ ಒಂದು ಲೀಟರ್ ಇದನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಬರೀ ನೀರು, ಕಾಫಿ, ಮಜ್ಜಿಗೆ ಎಲ್ಲ ಸೇರಿ ಅರ್ಧ ಲೀಟರ್ ದಾಟಬಾರದು. ಬಾಯಾರಿಕೆ ಇರುವವನಿಗೆ ನೀರು ಅಳೆದು ಕೊಡುವುದು ಮನೆಯವರಿಗೆ ಎಷ್ಟು ಕಷ್ಟ! ನನ್ನ ಮಗಳು ಹೂಜಿಯನ್ನು ಒಳಗಿಟ್ಟು, ಕಣ್ಣು ತುಂಬಿಕೊಂಡು, "ಅಪ್ಪಾಜಿ, ಇನ್ನು ಸಂಜೆಗೆ" ಅನ್ನುತ್ತಿದ್ದಳು.

ಆಗಲೇ ಮಳೆ ಪುಸ್ತಕ ತರಿಸಿಕೊಂಡದ್ದು. ಹಿಂದಿನ ಪುಟದಲ್ಲಿ ಆರು ಕಾಲಂ ಗೆರೆ ಎಳೆದೆ: ತಾರೀಕು, ಕುಡಿದದ್ದು, ಬ್ಯಾಗು, ಯೂರಿನ್, ಮಾತ್ರೆ, ತೂಕ. ಗೆರೆ ಇರುವ ಪ್ಲಾಸ್ಟಿಕ್ ಮಗ್ಗಿಗೆ ಬ್ಯಾಗ್ ಸುರಿದು ಓದುವುದು. ಡಾಕ್ಟರು ಎರಡು ಗಡಿ ಹಾಕಿಕೊಟ್ಟಿದ್ದರು. ಬ್ಯಾಗಿಗೆ ಒಂದೂವರೆ ಲೀಟರಿಗಿಂತ ಜಾಸ್ತಿ ಬಂದರೆ ಎಚ್ಚರ, ಎರಡು ಲೀಟರ್ ದಾಟಿದರೆ ಫೋನ್ ಮಾಡಿ ಹೊರಡಬೇಕು. ಯೂರಿನ್ ಒಂದು ಲೀಟರಿನ ಹತ್ತಿರ ಇರಲೇಬೇಕು. ಊಟಕ್ಕೆ ಅರ್ಧ ಗಂಟೆ ಮುಂಚೆ ಲೋಪೆರಮೈಡ್ ಮಾತ್ರೆ. ಕರುಳಿನ ಓಟ ನಿಧಾನ ಮಾಡುವ ಮಾತ್ರೆ ಅದು. ಮಾಮೂಲಿ ಭೇದಿಗಿಂತ ನನಗೆ ಜಾಸ್ತಿ ಡೋಸ್ ಬೇಕಾಯಿತು. ಏರಿಸಿದ್ದು ಇಳಿಸಿದ್ದು ಎಲ್ಲ ಡಾಕ್ಟರೇ, ಈ ಪುಟಗಳನ್ನು ನೋಡಿಕೊಂಡು.

ಮಾರ್ಚ್ 17ಕ್ಕೆ ಬ್ಯಾಗು 2600 ಮಿಲಿ. 24ಕ್ಕೆ 1900. ಏಪ್ರಿಲ್ ಮೊದಲ ವಾರ 1200. ಇಳಿಯುತ್ತಾ ಬಂದ ಆ ಅಂಕಿಗಳನ್ನು ನೋಡುವಾಗ ಆದ ಖುಷಿ, ಒಳ್ಳೆ ಬೆಳೆ ಬಂದ ವರ್ಷದ ತೂಕದ ಪುಸ್ತಕ ನೋಡಿದಾಗಲೂ ಆಗಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಅಂಕಿ 1900ಕ್ಕೆ ಹಾರಿತು. ಮೈಗೆ ಏನೂ ಅನ್ನಿಸಿರಲಿಲ್ಲ. ಪುಸ್ತಕ ಹೇಳಿತು ಅಂತ ಆವತ್ತೇ ಫೋನ್ ಮಾಡಿದೆ. ಮಾತ್ರೆ ಏರಿಸಿದರು, ಮಂಚ ಹಿಡಿಯುವುದು ತಪ್ಪಿತು.

ಊಟದ ವಿಷಯ. ಉಪ್ಪು ಹಾಕಿದ ಗಂಜಿ, ಮೊಸರನ್ನ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಕಡುಬು ಚೆನ್ನಾಗಿ ಒಗ್ಗಿದವು, ಬರುವುದು ಗಟ್ಟಿಯಾಗುತ್ತಿತ್ತು. ನನ್ನ ಹೆಂಡತಿ ಅರಸೀಕೆರೆ ಕಡೆಯವಳು, ಮುದ್ದೆ ಇಲ್ಲದೆ ಅವಳ ಕೈ ಓಡುವುದಿಲ್ಲ. ಆದರೆ ಮುದ್ದೆ ನುಂಗುವ ಊಟ. ನನಗೋ ಏನಿದ್ದರೂ ಅಗಿದು ಅಗಿದು ನೀರು ಮಾಡಿಯೇ ಇಳಿಸಬೇಕು ಅಂತ ಆಜ್ಞೆ. ನಾರು, ಬೀಜ, ತೆಂಗಿನಕಾಯಿ ಚೂರು, ಅಣಬೆ, ಕಳಲೆ ಎಲ್ಲ ಬೇಡ ಅಂದಿದ್ದರು. ಹೊಟ್ಟೆಯ ಗೋಡೆಯಲ್ಲಿ ಕರುಳು ಹೊರಬರುವ ದಾರಿ ಇಕ್ಕಟ್ಟು, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಹಲಸಿನ ಹಣ್ಣು ಬಿಡಿಸುವುದನ್ನು ನೋಡಿ ಮನಸ್ಸು ತಡೆಯಲಿಲ್ಲ. ಎರಡೇ ತೊಳೆ. ಸಂಜೆಗೆ ಬ್ಯಾಗು ಖಾಲಿ, ಹೊಟ್ಟೆ ಹಿಂಡಿತು, ಕರುಳು ಊದಿಕೊಂಡಿತು. ಫೋನಿನಲ್ಲಿ ಡಾಕ್ಟರು ಹೇಳಿದ ಹಾಗೆ ಗಟ್ಟಿ ಊಟ ಬಿಟ್ಟು, ಬಿಸಿನೀರಿನ ಸ್ನಾನ ಮಾಡಿ, ಮಂಡಿ ಎದೆಗೆ ತಂದುಕೊಂಡು ಮಲಗಿದೆ. ಊದಿದ ಕರುಳಿಗೆ ಬಿಗಿಯಾಗದ ಹಾಗೆ ತಟ್ಟೆಯ ತೂತನ್ನು ಸ್ವಲ್ಪ ದೊಡ್ಡ ಮಾಡಿದೆವು. ವಾಂತಿಯಾದರೆ ಕಾಯದೆ ಬನ್ನಿ ಅಂದಿದ್ದರು. ಐದು ಗಂಟೆ ಆದ ಮೇಲೆ ಒಮ್ಮೆಲೇ ಹೊರಟಿತು. ಆ ರಾತ್ರಿ ಸಾಹುಕಾರರ ಜೀಪು ಅಂಗಳದಲ್ಲೇ ನಿಂತಿತ್ತು.

ಜುಲೈಗೆ ಟಿಬಿ ಮಾತ್ರೆ ಮುಗಿಯಿತು. ತೂಕ 53ಕ್ಕೆ ಬಂತು. ಕರುಳು ಎಕ್ಸ್‌ರೇಯಲ್ಲಿ ಕಾಣುವ ಹಾಗೆ ಮಾಡುವ ಔಷಧ ಒಳಗೆ ಹಾಯಿಸಿ ಎಕ್ಸ್‌ರೇ ತೆಗೆದು, ಕೆಳಗಿನ ಕರುಳಿನ ದಾರಿ ಸರಿ ಇದೆ ಅಂತ ನೋಡಿಕೊಂಡು, ಮತ್ತೆ ಸೇರಿಸಿದರು. ಮೂರನೇ ಆಪರೇಷನ್. ಈ ಸಲ ಐದನೇ ದಿನ ದಾಟುವವರೆಗೆ ನನ್ನ ಹೆಂಡತಿ ಡ್ರೈನ್ ಬಾಟಲಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಮೂರನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಗಾಳಿ ಹೋಯಿತು. ಅವಳನ್ನು ಎಬ್ಬಿಸಿ ಹೇಳಿದೆ. ಅವಳು ಕೈ ಮುಗಿದು ಕೂತಳು.

ಎಲ್ಲ ಮುಗಿಯಿತು ಅಂತ ಅಂದುಕೊಂಡಿದ್ದೆ. ದಿನಕ್ಕೆ ಏಳೆಂಟು ಸಲ ನೀರಿನ ಹಾಗೆ ಮೋಷನ್ ಶುರುವಾಯಿತು. ಪಿತ್ತರಸವನ್ನು ವಾಪಸ್ ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ. ನನ್ನಲ್ಲಿ ಅದನ್ನೇ ತೆಗೆದಿದ್ದಾರೆ. ಹಾಗಾಗಿ ಪಿತ್ತ ದೊಡ್ಡ ಕರುಳಿಗೆ ಇಳಿದು ಉರಿಸುತ್ತದೆ. ಅದಕ್ಕೆ ಪಿತ್ತವನ್ನು ಕಟ್ಟಿಹಾಕುವ ಒಂದು ಪುಡಿ ಇದೆ, ನೀರಿನಲ್ಲಿ ಕಲಸಿ ಕುಡಿಯುವುದು. ಬೇರೆ ಮಾತ್ರೆಗಳನ್ನು ಅದರ ಜೊತೆ ತೆಗೆದುಕೊಳ್ಳಬಾರದು, ಅವನ್ನೂ ಅದು ಕಟ್ಟಿಹಾಕುತ್ತದೆ. ಈಗ ಮೂರು ಸಲಕ್ಕೆ ನಿಂತಿದೆ. ಬಿ12 ವಿಟಮಿನ್ ಹೀರುವುದೂ ಅದೇ ಭಾಗವಾದ್ದರಿಂದ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಬದುಕಿರುವವರೆಗೆ.

ಹಳೆ ಗಾಯದ ಪಕ್ಕ, ಕೆಮ್ಮಿದಾಗ, ನಿಂಬೆಹಣ್ಣಿನಷ್ಟು ಉಬ್ಬು ಕಾಣುತ್ತಿದೆ. ಹರ್ನಿಯಾ. ಬೆಲ್ಟ್ ಕಟ್ಟಿಕೊಳ್ಳುತ್ತೇನೆ, ಭಾರ ಎತ್ತುವುದಿಲ್ಲ. ಕೊಯ್ಲು ಮತ್ತೆ ಬಂದಿದೆ. ಹಣ್ಣಿನ ಚೀಲವನ್ನು ತಕ್ಕಡಿಗೆ ಇಡುವುದು ಬೇರೆಯವರು, ಅಂಕಿ ಓದಿ ಬರೆಯುವುದು ನಾನು. ಬ್ಯಾಗಿನ ಕಾಲಂ ಖಾಲಿ ಬಿಟ್ಟಿದ್ದೇನೆ, ಉಳಿದ ಕಾಲಂ ದಿನಾ ತುಂಬುತ್ತೇನೆ. ಇವತ್ತು ಬೆಳಿಗ್ಗೆ ಮಾಪಕದಲ್ಲಿ ನಾಲ್ಕು ಸೆಂಟ್ ಮಳೆ ಇತ್ತು. ನನ್ನ ತೂಕ 55 ಕೆಜಿ 200 ಗ್ರಾಂ.